ಡಬ್ಬಿಯ ಬಾಯಿ

ಗುಂಯ್.

ಚಾವಿ ತಿರುಗಿಸಿದ ಕೂಡಲೇ ಗಾಡಿಯ ಹಿಂಬದಿಯಲ್ಲಿ ಒಂದು ದುಂಬಿ ಎದ್ದು, ಒಂದೇ ಸುತ್ತು ಹಾರಿ, ಮತ್ತೆ ಕೂತಂಥ ಸದ್ದು. ಪೆಟ್ರೋಲ್ ಪಂಪಿನ ಸದ್ದು ಅದು. ಬಂದರೆ ಗಾಡಿ ಚಾಲೂ ಆಗುತ್ತದೆ, ಬರದಿದ್ದರೆ ಇಲ್ಲ. ಈ ಗಾಡಿಯ ಚಾವಿ ಕೈಗೆ ಬಂದಂದಿನಿಂದ ಮಾಬುಸಾಬ ಪ್ರತಿ ಮುಂಜಾನೆ ಈ ಸದ್ದಿಗಾಗಿ ಉಸಿರು ಹಿಡಿದು ಕೂತವನು. ಕೇಳಿಸಿತೆಂದರೆ ಅವನ ಹೆಗಲು ತಾನಾಗಿ ಸಡಿಲಾಗುತ್ತಿತ್ತು. ಇವತ್ತೂ ಕೇಳಿಸಿತು, ಸ್ವಚ್ಛವಾಗಿ ಕೇಳಿಸಿತು. ಆದರೆ ಹೆಗಲು ಸಡಿಲಾಗಲಿಲ್ಲ.

"ಬಂತಲ್ಲಪಾ," ಎಂದು ಗೂಳಪ್ಪ ಬಾನೆಟ್ಟಿನ ಕೆಳಗಿನಿಂದ ತಲೆ ಎತ್ತಿದ. "ಇನ್ನೊಮ್ಮಿ ತಿರುವು."

ಗುಂಯ್.

"ಮತ್ತೊಮ್ಮಿ."

ಗುಂಯ್.

"ಅಗದಿ ಬರೋಬ್ಬರಿ ಐತಿ. ಡಾಕ್ಟರ ಬಂದ ಕೂಡ್ಲೆ ಆರಾಮ ಆಗೂ ಜಡ್ಡು, ದೋಸ್ತ, ಭಾಳ ಕೆಟ್ಟ ಜಡ್ಡು."

ಮಾಬುಸಾಬ ನಗಲಿಲ್ಲ. ಆ ಜಡ್ಡು ಇವತ್ತು ಕಾಣಿಸಿಕೊಳ್ಳಲೇಬೇಕಿತ್ತು, ಅದೂ ಹೊತ್ತು ಮುಳುಗುವುದರೊಳಗೆ. ಸಂಜೆ ಅಣ್ಣಿಗೇರಿಯ ಪೊಲೀಸ್ ಫೌಜದಾರರ ಜೀಪು ಈ ವಾಡೆಯ ಅಂಗಳಕ್ಕೆ ಬರುವುದಿತ್ತು. ಗಾಡಿಯ ಧಣಿ ಮಡಿವಾಳೆಪ್ಪ ಸಾವಕಾರರು ನಿನ್ನೆ ಓಣಿಯ ನಾಲ್ಕು ಮಂದಿಯ ಎದುರು ಹೇಳಿದ್ದರು: "ಗಾಡಿ ಡಬ್ಬಿ ಒಳಗಿನ ಮಾಲು ಎಲ್ಲಿ ಮಾರಿದಿ ಅನ್ನೂದನ್ನ ನನಗ ಹೇಳಬ್ಯಾಡ. ನಾಳಿ ಫೌಜದಾರ್ರಿಗೆ ಹೇಳು."

ಕಳ್ಳ ಎಂಬ ಮಾತನ್ನು ಅವರು ಆಡಲಿಲ್ಲ. ಕೇಳಿದವರು ಮನೆಗೆ ಹೋಗುತ್ತ ದಾರಿಯಲ್ಲಿ ಆಡಿಕೊಂಡರು. ಕತ್ತಲಾಗುವ ಮೊದಲೇ ಆ ಮಾತು ಮಾಬುಸಾಬನ ಹೊಸ್ತಿಲಿಗೆ ಬಂದು ಕೂತಿತ್ತು. ಹೆಂಡತಿ ಮೀರಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಕೆಲಸ ಹೋದರ ಹೋಗ್ಲಿ," ಎಂದಳು. "ಆದರ ಈ ಹೆಸರು ಹೊತ್ತಕೊಂಡು ಬಾವಿಗೆ ನೀರು ತರಾಕ ನಾ ಹೋಗಾಂಗಿಲ್ಲ."

ಗಾಡಿ ಮುಂಬಯಿಯ ಹರಾಜಿನಲ್ಲಿ ಕೊಂಡದ್ದು. ಯಾವುದೋ ದೇಶದ ದೊಡ್ಡ ಅಧಿಕಾರಿ ಇಟ್ಟುಕೊಂಡು ಬಿಟ್ಟುಹೋದ ಹಳೆಯ ಗಾಡಿ, ಬಿಳಿಯದು, ಎಡಗಡೆ ಸ್ಟೇರಿಂಗಿನದು. ಹತ್ತಿ ಸೀಮೆಯ ಎರೆಮಣ್ಣಿನ ದಾರಿಯಲ್ಲಿ ಅದು ಬರುವುದನ್ನು ಕಂಡರೆ ಹೊಲದಲ್ಲಿದ್ದ ಹೆಂಗಸರು ಕೈಯಲ್ಲಿನ ಹತ್ತಿ ಮರೆತು ನೋಡುತ್ತಿದ್ದರು. ಅದಕ್ಕೆ ಬೇರೆ ಗಾಡಿಗಳ ಹಾಗೆ ಕಾರ್ಬುರೇಟರು ಇರಲಿಲ್ಲ. ಪಕ್ಕದ ಸೀಟಿನ ಕೆಳಗೆ ತಗಡಿನ ಒಂದು ಡಬ್ಬಿ. ಅದಕ್ಕೆ ಮಗುವಿನ ತೋಳಿನಷ್ಟು ದಪ್ಪನೆಯ ವಾಯರುಗಳ ಕಟ್ಟು. ಇಂಜಿನ್ ಬಿಸಿಯೋ ತಣ್ಣಗೋ, ಗಾಳಿ ಎಷ್ಟು ಎಳೆಯುತ್ತಿದೆ ಎಂಬುದನ್ನೆಲ್ಲ ವಾಯರುಗಳು ಹೇಳಬೇಕು, ಡಬ್ಬಿ ಕೇಳಬೇಕು, ಕೇಳಿ ಇಷ್ಟೇ ಪೆಟ್ರೋಲು ಬಿಡಿ ಎಂದು ಅಪ್ಪಣೆ ಕೊಡಬೇಕು. ಮುಂಬಯಿಯಲ್ಲಿ ಗಾಡಿ ಒಪ್ಪಿಸಿದವನು ಸೀಟು ಎತ್ತಿ ತೋರಿಸಿ, ಇದರ ಬುದ್ಧಿಯೆಲ್ಲ ಇದರಲ್ಲಿದೆ, ಇದನ್ನು ಮಾತ್ರ ಮುಟ್ಟಬೇಡ ಎಂದಿದ್ದ. ಮಾಬುಸಾಬ ಮುಟ್ಟಿರಲಿಲ್ಲ.

ಅವನಿಗೆ ಮುಟ್ಟುವ ಅಗತ್ಯವೂ ಇರಲಿಲ್ಲ. ಅವನು ಯಂತ್ರಗಳನ್ನು ಕಿವಿಯಿಂದ ಹಿಡಿಯುವವನು. ಅವನು ಹುಟ್ಟಿದ್ದು ನವಲಗುಂದದಲ್ಲಿ, ಜಮಖಾನ ನೇಯುವವರ ಓಣಿಯಲ್ಲಿ. ತಾಯಿ ಮಗ್ಗದ ಮುಂದೆ ಕೂತರೆ ಅವನ ತೊಟ್ಟಿಲು ಮಗ್ಗದ ಬಾಜೂಕೇ ಇರುತ್ತಿತ್ತು. ಕಬ್ಬಿಣದ ಹಲ್ಲಿನ ಹಣಿಗೆಯಿಂದ ಅವಳು ನೂಲನ್ನು ಬಡಿದು ಕೂರಿಸುವ ಸದ್ದು ಅವನಿಗೆ ಜೋಗುಳ. ದೊಡ್ಡವನಾದ ಮೇಲೆ ಆ ಬಡಿತ ಕೇಳಿಯೇ ಅವ್ವ ದಣಿದಿದ್ದಾಳೋ, ಅಪ್ಪನ ಮೇಲೆ ಸಿಟ್ಟಾಗಿದ್ದಾಳೋ ಹೇಳುತ್ತಿದ್ದ. ಆಮೇಲೆ ಲಾರಿಯ ಕ್ಲೀನರ್ ಆದ, ಜಿನ್ನಿಂಗ್ ಫ್ಯಾಕ್ಟರಿಯ ಅರಳೆ ಹೇರುವ ಲಾರಿಗೆ ಡ್ರೈವರ್ ಆದ. ಇಳಿಜಾರಿನಲ್ಲಿ ಲಾರಿ ಹೊಯ್ದಾಡಿದಾಗ ಬೇರೆಯವರು ಬ್ರೇಕು ಒತ್ತುತ್ತಿದ್ದರು. ಅವನು ಮೊದಲು ಕೇಳುತ್ತಿದ್ದ. ಫ್ಯಾಕ್ಟರಿಯೂ ಮಡಿವಾಳೆಪ್ಪನವರದೇ. ಬಿಳಿ ಗಾಡಿ ತರುವುದೆಂದಾದಾಗ ಅವರ ತಾಯಿ ಗುರವ್ವ, "ನನ್ನ ಕೂಡಿಸ್ಕೊಂಡು ಹೋಗಾಂವ ಮಾಬೂನ ಆಗಬೇಕು. ಅವನ ಕೈಯಾಗ ಹೊಟ್ಟ್ಯಾನ ನೀರು ಅಳ್ಳಾಡೂದಿಲ್ಲ," ಎಂದು ಹಟ ಹಿಡಿದು ಅವನನ್ನು ಲಾರಿಯಿಂದ ಇಳಿಸಿ ಗಾಡಿಗೆ ಕೂರಿಸಿದ್ದಳು.

ಆ ಗುರವ್ವ ಹಿಂದಿನ ಸೀಟಿನಲ್ಲಿ ಕೂತಿದ್ದಾಗಲೇ ಗಾಡಿ ರೈಲು ಹಳಿಯ ಮೇಲೆ ನಿಂತಿತು.

ಕಾರ್ತಿಕದ ಮುಂಜಾನೆ. ಹೊಲದ ಮೇಲೆಲ್ಲ ಮಂಜು ಹಾಸಿಕೊಂಡಿತ್ತು. ಗೇಟು ತೆರೆದಿತ್ತು. ಮುಂದಿನ ಗಾಲಿ ಹಳಿ ದಾಟಿ ಹಿಂದಿನ ಗಾಲಿ ಹಳಿಗೆ ತಾಗುವ ಹೊತ್ತಿಗೆ ಇಂಜಿನ್ ಸುಮ್ಮನಾಯಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ದೀಪ ಊದಿ ಆರಿಸಿದಂತೆ ಆರಿತು. ಚಾವಿ ತಿರುಗಿಸಿದ: ಸದ್ದಿಲ್ಲ. ಮತ್ತೆ ತಿರುಗಿಸಿದ: ದುಂಬಿ ಏಳಲಿಲ್ಲ. ಗೇಟಿನವನು ಕೆಂಪು ಬಾವುಟ ಹಿಡಿದು ಹಳಿಯುದ್ದಕ್ಕೂ ಓಡತೊಡಗಿದ. ಮುಂದಿನ ಸೀಟಿನಲ್ಲಿದ್ದ ಮಡಿವಾಳೆಪ್ಪ ಇಳಿದು, ಇಸ್ತ್ರಿ ಮಾಡಿದ ಧೋತರದಲ್ಲೇ ಡಿಕ್ಕಿಗೆ ಹೆಗಲು ಕೊಟ್ಟರು. ಮಾಬುಸಾಬ ಬಾಗಿಲು ತೆರೆದು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಮೈಯೆಲ್ಲ ಕೊಟ್ಟು ನೂಕಿದ. ಒಳಗೆ ಗುರವ್ವ ಕಣ್ಣು ಮುಚ್ಚಿ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಗಾಡಿ ಹಳಿ ಇಳಿಯಿತು. ರೈಲು ಬಂತು, ಹೋಯಿತು. ಬಿಸಿಲು ಏರಿದ ಮೇಲೆ ಗಾಡಿ ಏನೂ ಆಗದಂತೆ ಚಾಲೂ ಆಯಿತು. ಮಡಿವಾಳೆಪ್ಪನವರಿಗೆ ತಡೆಯಲಾಗದೆ ಹೋದದ್ದು ಅದೇ.

ಹುಬ್ಬಳ್ಳಿಯ ಒಬ್ಬ ಮೇಸ್ತ್ರಿಗೆ ತೋರಿಸಿದರು. ಅವನ ಗ್ಯಾರೇಜಿನಲ್ಲಿ ಗಾಡಿ ಇಡೀ ದಿನ ನಿಂತಿತು, ಒಮ್ಮೆಯೂ ಕೆಡಲಿಲ್ಲ. ಕೊನೆಗೆ ಅವನು ಡಬ್ಬಿಯನ್ನು ತಿರುವಿ ನೋಡಿ, ಮುಚ್ಚಳದ ಸ್ಕ್ರೂಗಳ ಮೇಲಿನ ಗೀರುಗಳನ್ನು ತೋರಿಸಿದನಂತೆ: "ಯಾರೋ ಬಿಚ್ಯಾರ್ರಿ. ಒಳಗಿನ ಮಾಲು ಬದಲಾಗೇತಿ." ಗೀರುಗಳು ಮುಂಬಯಿಯಿಂದಲೇ ಇದ್ದವು. ಅದನ್ನು ಮಾಬುಸಾಬ ಹೇಳಿದ. ಹೇಳಿದ್ದಕ್ಕೇ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಗಾಡಿ ತೆಗೆದುಕೊಂಡು ಆಗಾಗ ಒಬ್ಬನೇ ಹುಬ್ಬಳ್ಳಿಗೆ ಹೋಗುತ್ತಿದ್ದವನು ಅವನೇ ಅಲ್ಲವೇ?

ಅದಕ್ಕೇ ಅವನು ನವಲಗುಂದದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಗೂಳಪ್ಪನಿಗೆ ಹೇಳಿಕಳಿಸಿದ್ದು. ಗೂಳಪ್ಪ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ತಗಡಿನ ಅಂಗಡಿ ಇಟ್ಟುಕೊಂಡು ಗಾಡಿಗಳ ವಾಯರಿಂಗ್ ಮಾಡುವವನು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕೆರೆಯಲ್ಲಿ ಈಜು ಕಲಿತವರು. ಇಂಥ ಡಬ್ಬಿಯನ್ನು ಅವನೂ ಕಂಡಿರಲಿಲ್ಲ.

"ನನಗ ಇದರ ತಲಿ ಬುಡ ಗೊತ್ತಿಲ್ಲ, ಮೊದಲ ಹೇಳಿಬಿಡತೇನಿ," ಎಂದು ಬಂದ ಕೂಡಲೇ ಹೇಳಿದ. "ಆದರ ಕರೆಂಟು ಅನ್ನೂದು ನೀರಿದ್ದಂಗ. ಎಲ್ಲಿಂದ ಬರತೈತಿ, ಎಲ್ಲಿಗೆ ಹೊಕ್ಕತಿ, ಎಲ್ಲಿ ಸೋರತೈತಿ, ಅಷ್ಟ ನೋಡೂಣು."

ಬ್ಯಾಟರಿ ನೋಡಿದ, ಅರ್ಥಿಂಗ್ ವಾಯರು ಬಿಚ್ಚಿ ಉಜ್ಜಿ ಮತ್ತೆ ಬಿಗಿದ, ಒಂದೊಂದು ಜೋಡಣೆಯನ್ನೂ ಬೆರಳಿನಿಂದ ಅಲುಗಿಸಿದ. ಮಾಬುಸಾಬ ಪ್ರತಿ ಸಲ ಚಾವಿ ತಿರುಗಿಸಿದ. ದುಂಬಿ ಪ್ರತಿ ಸಲ ಎದ್ದಿತು. ಕೊನೆಗೆ ಸೀಟು ಎತ್ತಿ, ಡಬ್ಬಿಯನ್ನು ಹೊರಗೆ ತಂದು, ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದರು. ಒಳಗೆ ತೆಳ್ಳನೆಯ ಧೂಳು, ಅದರ ಕೆಳಗೆ ಸಾಲಾಗಿ ಕೂತ ಸಣ್ಣ ಸಣ್ಣ ಭಾಗಗಳು. ಗೂಳಪ್ಪ ಮೂಗು ತಾಗುವಷ್ಟು ಹತ್ತಿರ ಬಾಗಿ ಬೆಸುಗೆಗಳನ್ನು ನೋಡಿದ.

"ಯಾರೂ ಕೈ ಹಾಕಿಲ್ಲ, ಮಾಬೂ. ಎಲ್ಲಾ ಕಂಪನಿ ಬೆಸಿಗೀನ."

ಮಾಬುಸಾಬನ ಕಣ್ಣು ಒದ್ದೆಯಾದವು. ಆದರೆ ಹಿಂದಿನಿಂದ ಮಡಿವಾಳೆಪ್ಪನವರ ದನಿ ಬಂತು. ಅವರು ಯಾವಾಗ ಬಂದು ನಿಂತಿದ್ದರೋ.

"ನೀ ಹೇಳ್ತಿ ಯಾರೂ ಕೈ ಹಾಕಿಲ್ಲ ಅಂತ. ಹುಬ್ಬಳ್ಳ್ಯಾಂವ ಹೇಳ್ತಾನ ಹಾಕ್ಯಾರ ಅಂತ. ಅವಗ ನನ್ನ ಡ್ರೈವರ್ ಬೀಗ ಅಲ್ಲ, ದೋಸ್ತ ಅಲ್ಲ. ನಾ ಯಾರ ಮಾತು ನಂಬ್ಲಿ?"

ಗೂಳಪ್ಪ ಎದ್ದು ನಿಂತ. "ಮಾತು ನಂಬಬ್ಯಾಡ್ರಿ, ಸಾವ್ಕಾರ್ರ. ಗಾಡಿ ನಂಬ್ರಿ. ನಿಮ್ಮ ಕಣ್ಣ ಮುಂದ ಕೆಡಿಸಿ, ನಿಮ್ಮ ಕಣ್ಣ ಮುಂದ ರಿಪೇರಿ ಮಾಡಿ ತೋರಸ್ತೇನಿ."

"ಕೆಡಸೂದು ಅಂತೂ ನಿಮ್ಮಿಬ್ಬರಿಗೂ ಬರತೈತಿ," ಎಂದು ಅವರು ಒಳಗೆ ಹೋದರು.

ಡಬ್ಬಿಯನ್ನು ಮುಚ್ಚಿ ಮತ್ತೆ ಜಾಗಕ್ಕೆ ಕೂರಿಸಿದರು. ನೆರಳು ಕಟ್ಟೆಯಿಂದ ಇಳಿದು ಗಾಡಿಯ ಗಾಲಿಗೆ ಬಂದಿತ್ತು. ಎಲ್ಲೋ ರಸ್ತೆಯಲ್ಲಿ ಗೇರು ಬದಲಾದ ಸದ್ದಾದರೆ ಮಾಬುಸಾಬನ ತಲೆ ಆ ಕಡೆ ತಿರುಗುತ್ತಿತ್ತು. ಜೀಪೋ? ಅಲ್ಲ, ಟ್ರ್ಯಾಕ್ಟರ್.

ಗೂಳಪ್ಪ ಅವನ ಎದುರು ಕುಕ್ಕರುಗಾಲಿನಲ್ಲಿ ಕೂತ. "ಮಾತು ಎಲ್ಲಾ ಬಿಡು. ಇದು ಯಾವಾಗ ನಿಲ್ಲತೈತಿ? ತಗ್ಗಿಗೆ ಬಿದ್ದಾಗೋ, ಬಿಸಿ ಆದಾಗೋ, ಏರು ಹತ್ತುಮುಂದೋ?"

"ಯಾವಾಗ ಬೇಕಾದರ ನಿಲ್ಲತೈತಿ."

"ಹಂಗ ಯಾವ ಗಾಡೀನೂ ನಿಲ್ಲೂದಿಲ್ಲಲೇ. ಜಗಳಗಂಟಿ ಹೆಂಡ್ತಿಗೂ ಒಂದು ಹೊತ್ತು ವ್ಯಾಳ್ಯಾ ಅಂತ ಇರತೈತಿ. ನಿನಪು ಮಾಡಕೋ."

ಮಾಬುಸಾಬ ಕಣ್ಣು ಮುಚ್ಚಿದ. ಮೊದಲ ಸಲ ನಿಂತದ್ದು ಹೊಲದ ದಾರಿಯಲ್ಲಿ. ಕಿಟಕಿಯ ಕಾಚಿನ ಮೇಲೆ ಹನಿ ಕೂತಿತ್ತು, ಒರೆಸಿದ್ದು ನೆನಪಿದೆ. ಎರಡನೆಯ ಸಲ ಇದೇ ಅಂಗಳದಲ್ಲಿ, ಮುಂಜಾನೆ, ರಾತ್ರಿಯೆಲ್ಲ ಸಣ್ಣ ಮಳೆ ಹಿಡಿದಿತ್ತು. ಹಳಿಯ ಮೇಲೆ ಮಂಜು. ಹುಬ್ಬಳ್ಳಿಯಲ್ಲಿ ನಿಲ್ಲಲಿಲ್ಲ, ಅಲ್ಲಿ ತಗಡಿನ ಮಾಡಿನ ಕೆಳಗೆ ಒಣ ಸೆಕೆ. ಇವತ್ತೂ ನಿಂತಿಲ್ಲ, ಮೂರು ದಿನದಿಂದ ಒಣ ಗಾಳಿ ಬೀಸುತ್ತಿದೆ.

"ತಂಪಿಗೆ," ಎಂದು ಕಣ್ಣು ತೆರೆದ. "ಗೂಳ್ಯಾ, ಇದು ತಂಪು ಹತ್ತಿದಾಗ ನಿಲ್ಲತೈತಿ. ಬಿಸಲು ಬಿದ್ದ ಮ್ಯಾಲೆ ಎದ್ದ ಕೂಡತೈತಿ."

ಗೂಳಪ್ಪ ಎದ್ದು ಬಾವಿಯ ಕಡೆಗೆ ಹೋಗಿ ಒಂದು ಗೋಣಿಚೀಲ ತೋಯಿಸಿಕೊಂಡು ಬಂದ. ಹಿಂಡಿ, ಡಬ್ಬಿಯ ಮೇಲೂ ವಾಯರಿನ ಕಟ್ಟಿನ ಮೇಲೂ ಹೊದಿಸಿದರು. ಕಾಚು ಏರಿಸಿ ಬಾಗಿಲು ಮುಚ್ಚಿದರು. ಬಿಸಿಲಿಗೆ ನಿಂತ ಗಾಡಿಯೊಳಗೆ ಹಬೆ ಎದ್ದಿತು. ಕಾಚು ನಿಧಾನವಾಗಿ ಮಸಕಾಯಿತು. ಅಡುಗೆಮನೆಯ ಬಾಗಿಲಲ್ಲಿ ಕೂತು ಕಾರ್ತಿಕದ ದೀಪಗಳಿಗೆ ಬತ್ತಿ ಹೊಸೆಯುತ್ತಿದ್ದ ಗುರವ್ವ, "ಅದಕ್ಕೇನು ಜ್ವರ ಬಂದಾವೇನೋ, ಒದ್ದಿ ಬಟ್ಟಿ ಹಾಕಾಕತ್ತೀರಿ?" ಎಂದು ಕೇಳಿದಳು. "ಹೂಂನ್ರಿ ಅವ್ವಾರ," ಎಂದ ಗೂಳಪ್ಪ. ಮಾಬುಸಾಬ ಕಾಚನ್ನೇ ನೋಡುತ್ತ ನಿಂತ. ಹಳಿಯ ಮೇಲಿನ ಆ ಮುಂಜಾನೆಯ ನಂತರ ಅವನು ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಹಬೆ ಹನಿಯಾಗಿ ಕಾಚಿನ ಮೇಲೆ ಹರಿಯತೊಡಗಿದಾಗ ಮಾಬುಸಾಬ ಬಾಗಿಲು ತೆರೆದು ಕೈ ಚಾಚಿ ಚಾವಿ ತಿರುಗಿಸಿದ.

ಏನೂ ಇಲ್ಲ.

ಮತ್ತೆ ತಿರುಗಿಸಿದ. ಗುಬ್ಬಿಗಳ ಸದ್ದು, ಗುರವ್ವನ ಬಳೆಗಳ ಸದ್ದು, ತನ್ನದೇ ಎದೆಯ ಸದ್ದು. ದುಂಬಿ ಸತ್ತಿತ್ತು.

"ಸಿಕ್ತಲೇ ಸೂಳೀಮಗ," ಎಂದು ಗೂಳಪ್ಪ ಪಿಸುಗುಟ್ಟಿದ. ಸಣ್ಣ ಬಲ್ಬಿಗೆ ಎರಡು ವಾಯರು ಕಟ್ಟಿದ ತನ್ನ ದೀಪವನ್ನು ತೆಗೆದು ಡಬ್ಬಿಗೆ ಬರುವ ವಾಯರಿಗೆ ಹಿಡಿದ. ಬಲ್ಬು ಹತ್ತಿತು. ಪಂಪಿನ ಕಡೆಗೆ ಹೋಗುವ ವಾಯರಿಗೆ ಹಿಡಿದ. ಹತ್ತಲಿಲ್ಲ. "ಡಬ್ಬಿಗೆ ಅನ್ನ ಹೋಗಾಕತ್ತೇತಿ. ಡಬ್ಬಿಯಿಂದ ಮಾತು ಬರವಲ್ತು. ಈಗ ಡಬ್ಬಿ ಕೆಟ್ಟೇತೋ, ಡಬ್ಬಿ ಬಾಯಿ ಕೆಟ್ಟೇತೋ ನೋಡಬೇಕು."

ಗೋಣಿಚೀಲ ತೆಗೆದ. ಒಲೆಯ ಮೇಲೆ ಕಾಯಿಸಿ ತಂದ ಬಟ್ಟೆಯನ್ನು ಡಬ್ಬಿಗೆ ತಾಗದಂತೆ, ವಾಯರಿನ ಕಟ್ಟು ಡಬ್ಬಿಗೆ ಸೇರುವ ಜಾಗಕ್ಕೆ ಮಾತ್ರ ಒತ್ತಿ ಹಿಡಿದ. ಬಟ್ಟೆ ಆರಿದರೆ ಮತ್ತೆ ಕಾಯಿಸಿ ತಂದ. ಡಬ್ಬಿಯ ಮೈ ಇನ್ನೂ ಒದ್ದೆಯೇ ಇತ್ತು.

"ತಿರುವು."

ಗುಂಯ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಬ್ಬಿ ಸೋತಿರಲಿಲ್ಲ. ಕೆಟ್ಟದ್ದು ಅದರ ಬಾಯಿ. ಗೂಳಪ್ಪ ಕ್ಲಿಪ್ಪು ಸರಿಸಿ, ವಾಯರಿನ ಕಟ್ಟನ್ನು ಹೊರಗೆಳೆದು, ಆಗ ಬಿಚ್ಚದೆ ಬಿಟ್ಟಿದ್ದ ಅದರ ಕಪ್ಪು ಮುಚ್ಚಳವನ್ನು ಬಿಚ್ಚಿದ. ಒಳಗೆ ಹಿತ್ತಾಳೆಯ ಹಲ್ಲುಗಳ ಸಾಲು. ಅವುಗಳ ನಡುವೆ, ಹಲ್ಲಿನ ಸಂದಿಯಲ್ಲಿ ಸಿಕ್ಕ ಹಿಟ್ಟಿನಂತೆ, ಒಣಗಿದ ಬೂದು ಪದಾರ್ಥ. ಅಂಚಿನಲ್ಲೆಲ್ಲ ಹಸಿರು ಕಿಲುಬು.

"ಇದೇನು ಮಣ್ಣೋ?" ಎಂದು ಗೂಳಪ್ಪ ಉಗುರಿನಿಂದ ಕೆರೆದ. ಮೂಸಿದ. ಅವನ ಮುಖ ಬದಲಾಯಿತು. "ವಿಭೂತಿ."

ಮಾಬುಸಾಬನಿಗೆ ಹೇಳಬೇಕಾಗಿರಲಿಲ್ಲ. ಅವನು ಆ ದಿನವನ್ನೇ ಕಾಣುತ್ತಿದ್ದ.

ಈ ವಾಡೆಯಲ್ಲಿ ಖಂಡೇಪೂಜೆಯ ದಿನ ಒಂದು ನಡಾವಳಿ ಇದೆ. ಬೇರೆ ಮನೆಗಳಲ್ಲಿ ಆಯುಧಗಳ ಹಣೆಗೆ ವಿಭೂತಿ ಕುಂಕುಮ ಹಚ್ಚಿದರೆ ಮುಗಿಯಿತು. ಇಲ್ಲಿ ಬಾಯಿ ತಣಿಸುವುದು ಎಂದಿದೆ. ವರ್ಷವಿಡೀ ಮನೆಗಾಗಿ ದುಡಿದದ್ದರ ಬಾಯಿ ಒಣಗಿರಬಾರದು. ಕೂರಿಗೆಯ ಬಟ್ಟಲಿಗೆ, ಬೀಸುಕಲ್ಲಿನ ಬಾಯಿಗೆ, ಒರಳಿಗೆ, ಹೊಲಿಗೆ ಮಶೀನಿನ ಎಣ್ಣೆ ಬಿಡುವ ತೂತಿಗೆ, ಮನೆಯ ಹಿರಿಯಳು ಚಿಟಿಕೆ ವಿಭೂತಿ ಹಾಕಿ, ಕಾಯಿ ಒಡೆದು ಎರಡು ಹನಿ ನೀರು ಬಿಡುತ್ತಾಳೆ. ಗುರವ್ವನ ಅತ್ತೆ ಮಾಡಿದ್ದು, ಅತ್ತೆಯ ಅತ್ತೆ ಮಾಡಿದ್ದು. ಹೋದ ದಸರೆಯಲ್ಲಿ ಗುರವ್ವ ಗಾಡಿಯ ಮುಂದೆ ನಿಂತು, "ಮಾಬೂ, ಇದರ ಬುದ್ಧಿ ಡಬ್ಯಾಗ ಐತಿ ಅಂದಿದ್ದಿ. ತಗಿ ಆ ಸೀಟು," ಎಂದಳು. ಅವನು ತೆಗೆದ. ಅವಳು ಡಬ್ಬಿಯ ಮುಂದೆ ಬಹಳ ಹೊತ್ತು ಮೊಣಕಾಲೂರಿ ಕೂತಳು. ಯಾವ ಕಡೆ ನೋಡಿದರೂ ಅದಕ್ಕೆ ಬಾಯಿ ಇರಲಿಲ್ಲ.

"ಇದರ ಬಾಯಿ ಎಲ್ಲೈತೋ?"

ಅವನು ಯೋಚಿಸಿದ. ಅವಳ ಮೊಣಕಾಲು ನೋಯುತ್ತಿದ್ದದ್ದು ಅವನಿಗೆ ಗೊತ್ತಿತ್ತು. ವಾಯರುಗಳು ಒಳಗೆ ಹೋಗುವ ಸಂದಿಗೆ ಬೆರಳಿಟ್ಟು ತೋರಿಸಿದ. "ಇಲ್ಲೇರಿ ಅವ್ವಾರ. ಇದು ಉಣ್ಣೂದೂ ಇಲ್ಲೇ, ಮಾತಾಡೂದೂ ಇಲ್ಲೇ."

ಎರಡು ಹನಿ ಎಂದರೆ ಗುರವ್ವನಿಗೆ ಎರಡೇ ಹನಿಯಲ್ಲ. ಹೊಸದಾಗಿ ಮನೆಗೆ ಬಂದದ್ದಕ್ಕೆ ಕೈ ಧಾರಾಳ. ಅರ್ಧ ಕಾಯಿಯ ನೀರು ಆ ಸಂದಿಯಲ್ಲಿ ಇಳಿದಿತ್ತು.

"ಈಗ ಹೆಂಗ?" ಎಂದ ಗೂಳಪ್ಪ, ದನಿ ತಗ್ಗಿಸಿ.

ಮಾಬುಸಾಬ ಆ ಬೂದಿಯನ್ನೇ ನೋಡುತ್ತ ಲೆಕ್ಕ ಹಾಕಿದ. ಸತ್ಯ ಹೇಳಿದರೆ ಕಳ್ಳನೆಂಬ ಹೆಸರು ಈ ಕ್ಷಣವೇ ಹೋಗುತ್ತದೆ. ಮೀರಾಬಿ ನಾಳೆ ತಲೆ ಎತ್ತಿ ಬಾವಿಗೆ ಹೋಗುತ್ತಾಳೆ. ಆದರೆ ಸತ್ಯದ ಇನ್ನೊಂದು ತುದಿ ಅಗೋ, ಅಲ್ಲಿ ಬಾಗಿಲಲ್ಲಿ ಬತ್ತಿ ಹೊಸೆಯುತ್ತ ಕೂತಿದೆ. ನೀವು ಮಾಡಿದ ಪೂಜೆಯೇ ನಿಮ್ಮನ್ನು ಹಳಿಯ ಮೇಲೆ ನಿಲ್ಲಿಸಿತು ಎಂದು ಆ ಮುದುಕಿಗೆ ಯಾವ ಬಾಯಿಂದ ಹೇಳುವುದು? ಅದರಲ್ಲೂ ತನ್ನ ಬಾಯಿಂದ? ನಿಮ್ಮ ದೇವರ ವಿಭೂತಿ ಗಾಡಿ ಕೆಡಿಸಿತು ಎಂದು ಮಾಬುಸಾಬ ಅಂದನಂತೆ ಎಂಬ ಮಾತು ಈ ವಾಡೆಯ ಅಂಗಳ ದಾಟಿದರೆ, ಓಣಿಯಲ್ಲಿ ಅದು ಏನೇನಾಗಿ ಬೆಳೆದೀತು?

"ನೀ ಬಾಯಿ ಬಿಡಬ್ಯಾಡ," ಎಂದ ಗೂಳಪ್ಪ. "ಮಳೀ ನೀರು ಹೊಕ್ಕೈತಿ ಅಂತೇನಿ. ಮಳಿಗೆ ಯಾರೂ ಧಣೀ ಇಲ್ಲ."

ಮಡಿವಾಳೆಪ್ಪನವರನ್ನು ಕರೆದರು. ಗೂಳಪ್ಪ ಹೇಳಿದಂತೆಯೇ ಮಾಡಿ ತೋರಿಸಿದ: ಒದ್ದೆ ಚೀಲ ಹೊದಿಸಿದ, ಗಾಡಿ ಸತ್ತಿತು; ಬಾಯಿಗೆ ಕಾವು ಕೊಟ್ಟ, ಎದ್ದಿತು. ಅವರು ಕೈ ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ನೋಡಿದರು. ಮುಖ ಸಡಿಲಲಿಲ್ಲ.

"ಹಂಗಾದರ ಒಳಗಿನ ಮಾಲು ಐತಿ."

"ಐತ್ರಿ. ನೀರು ಹೊಕ್ಕೈತಿ ಅಷ್ಟ. ಮಳಿಗೆ ಹೊಕ್ಕಿರಬೇಕು."

"ಮಳಿಗೆ?" ಅವರು ಮಾಬುಸಾಬನ ಕಡೆಗೆ ತಿರುಗಿದರು. "ನನ್ನ ಗಾಡಿ ನಿಲ್ಲೂದು ಪಡಸಾಲಿ ಮಾಡಿನ ಕೆಳಗ. ಸೀಟಿನ ಬುಡಕ್ಕ ಮಳಿ ಹೊಕ್ಕಬೇಕಾದರ ಕಾಚು ತೆರದಿಟ್ಟು ಎಲ್ಲಿ ನಿಲ್ಲಿಸಿದ್ದಿ? ಯಾರ ಮನಿ ಮುಂದ ನಿಲ್ಲಿಸಿ ಯಾರನ್ನ ಹೇರಿಕೊಂಡು ಬಂದಿ?"

"ಎಲ್ಲೂ ನಿಲ್ಲಿಸಿಲ್ಲರಿ."

"ನಿಲ್ಲಿಸಿಲ್ಲ ಅಂದರ ನೀರು ಹಾರಿ ಬಂತೇನು? ನೀರು ಹೊಕ್ಕದ್ದು ಗೊತ್ತಿದ್ದು ಮುಚ್ಚಿಟ್ಟಿ. ಮುಚ್ಚಿಟ್ಟು ನಮ್ಮವ್ವನ್ನ ಕೂಡಿಸಿಕೊಂಡು ಹೋದಿ. ಕದ್ದಾಂವ ಇದ್ದಿದ್ರ ಬರೇ ನನ್ನ ಮಾಲು ಹೋಗತಿತ್ತು. ನೀ ಅವನಕಿಂತ ಕಡೀ ಆದ್ಯಲ್ಲೋ!"

ಮಾಬುಸಾಬ ಸತ್ಯ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಅವನು ಬಾಗಿಲ ಕಡೆಗೆ ನೋಡಿದ. ಅಲ್ಲಿ ಬತ್ತಿಯ ತಟ್ಟೆ ಇತ್ತು, ಗುರವ್ವ ಇರಲಿಲ್ಲ. ದೂರದಲ್ಲಿ, ಈ ಸಲ ಸಂಶಯವಿಲ್ಲ, ಜೀಪಿನ ಸದ್ದು ತಿರುವಿನಲ್ಲಿ ಕೇಳಿಸಿತು.

"ಕಾಚು," ಎಂದ ಅವನು. "ಕಾಚು ನಾನ ತೆರದಿಟ್ಟಿರಬೌದ್ರಿ, ಸಾವ್ಕಾರ್ರ."

"ಲೇ ಮಾಬೂ!" ಎಂದ ಗೂಳಪ್ಪ.

"ಸರೀರಿ ಅತ್ತಾಗ." ಗುರವ್ವ ಗೋಡೆ ಹಿಡಿದು ಕಟ್ಟೆ ಇಳಿದು ಬಂದು ಮಗನನ್ನೂ ಗೂಳಪ್ಪನನ್ನೂ ಸರಿಸಿ ಗಾಡಿಯ ಬಾಗಿಲಿಗೆ ಬಂದಳು. ಮೊಣಕಾಲೂರಲು ಆಗಲಿಲ್ಲ, ಬಾಗಿದಳು. ಬಿಚ್ಚಿಟ್ಟ ಬಾಯಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಹೆಬ್ಬೆರಳಿನಿಂದ ಉಜ್ಜಿ, ಉಜ್ಜಿದ ಬೂದಿಯನ್ನು ನೋಡಿದಳು. ದಿನಕ್ಕೆ ಮೂರು ಹೊತ್ತು ಆ ಬೂದಿಯನ್ನು ಅವಳ ಬೆರಳು ಮುಟ್ಟುತ್ತಿತ್ತು.

"ಇದು ಮಳೀ ನೀರಲ್ಲ, ಮಡಿವಾಳಾ. ನಾ ಹಾಕಿದ್ದು. ಖಂಡೇಪೂಜಿ ದಿನ."

ಅವಳು ಮಾಬುಸಾಬನನ್ನು ನೋಡಿದಳು. "ನಿನಗ ಗೊತ್ತಿತ್ತಲ್ಲೋ. ಯಾಕ ಹೇಳಲಿಲ್ಲ?"

"ಬಾಯಿ ತೋರಿಸಿದಾಂವ ನಾನರಿ ಅವ್ವಾರ," ಎಂದ ಅವನು. "ನೀವು ಕೇಳಿದ್ರಿ, ನಾ ತೋರಿಸಿದ್ನಿ."

ಮಡಿವಾಳೆಪ್ಪ ಒಮ್ಮೆ ತಾಯಿಯನ್ನು, ಒಮ್ಮೆ ಅವಳ ಅಂಗೈಯನ್ನು ನೋಡಿದರು. ಆಮೇಲೆ ನಕ್ಕುಬಿಟ್ಟರು. ಬೆಳಗಿನಿಂದ ಬಿಗಿದಿದ್ದ ಅವರ ಮೈಯೆಲ್ಲ ಆ ನಗೆಯಲ್ಲಿ ಸಡಿಲಾಯಿತು.

"ಎವ್ವಾ, ನಿನ್ನ! ಗಾಡಿಗೂ ಕಾಯಿ ನೀರು ಕುಡಿಸಿದೇನು? ಹೋಗ್ಲಿ ಬಿಡು, ಏನ ಆಗಿಲ್ಲ. ದೇವರ ಕೆಲಸ. ಇಂಥಾವು ಆಗತಾವ." ಗೂಳಪ್ಪನ ಹೆಗಲ ಮೇಲೆ ಕೈ ಇಟ್ಟರು. "ಬರೋಬ್ಬರಿ ತೊಳದು ಕೂಡಸಪಾ. ಊಟ ಮಾಡೇ ಹೋಗು. ಫೌಜದಾರ್ರು ಬಂದ್ರ ಒಂದು ಕಪ್ಪು ಚಹಾ ಕುಡಿಸಿ ಕಳಸಿದ್ರಾತು."

ಮಾಬುಸಾಬ ಗೋಣಿಚೀಲವನ್ನು ಹಿಂಡಿ ಕಟ್ಟೆಯ ಮೇಲೆ ಹರವಿದ. ಏನಾಗಿಲ್ಲ. ಬೆಳಗಿನಿಂದ ಆಗಿದ್ದದ್ದು ಈಗ ಆಗಿಲ್ಲ. ಅದೇ ಹಳಿ, ಅದೇ ಮಂಜು, ಅದೇ ರೈಲು. ಅವನ ಕೈಯಿಂದ ಆಗಿದ್ದರೆ ಜೀಪು ಬರುವಷ್ಟು ದೊಡ್ಡದು. ಇನ್ನೊಬ್ಬರ ಕೈಯಿಂದ ಆಗಿದ್ದರೆ ಚಹಾದಷ್ಟು ಸಣ್ಣದು. ಗುರವ್ವನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವಳು ಇನ್ನೂ ಅಂಗೈ ಮುಚ್ಚದೆ ನಿಂತಿದ್ದಳು. ಅವನು ಮಡಿವಾಳೆಪ್ಪನವರ ಬಾಯಿಂದ ಒಂದು ಮಾತಿಗಾಗಿ ಕಾದ. ಯಾವ ಮಾತು ಎಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ನಿನ್ನೆ ನಾಲ್ಕು ಮಂದಿಯ ಎದುರು ಆಡಿದ್ದರಲ್ಲ, ಅಷ್ಟೇ ಎತ್ತರದ ದನಿಯಲ್ಲಿ ಆಡುವ ಏನಾದರೊಂದು.

"ಮಡಿವಾಳಾ," ಎಂದಳು ಗುರವ್ವ ಮೆಲ್ಲಗೆ, "ಆ ಹುಡುಗಗ ಏನರ ಅನ್ನೋ."

"ಅವಗೇನು ಅನ್ನೂದು? ಅಂವ ನಮ್ಮಾಂವನ ಅಲ್ಲೇನು? ಸಿಟ್ಟಿನ ಭರಕ್ಕ ಒಂದು ಮಾತು ಹೊಕ್ಕತಿ, ಬರತೈತಿ." ಮಡಿವಾಳೆಪ್ಪ ಧೋತರದ ಚುಂಗು ಸರಿಮಾಡಿಕೊಂಡು ಅವನ ಕಡೆ ತಿರುಗಿದರು. "ಮಾಬೂ, ನಾಳಿ ಗದಗಕ್ಕ ಹೋಗೂದೈತಿ, ಅರಳಿ ವ್ಯಾಪಾರದ್ದು. ಲಗೂನ ಬಾ. ಬರೂ ಮುಂದ ಪೆಟ್ರೋಲ್ ಹಾಕಿಸ್ಕೊಂಡ ಬಾ. ಅಂದಂಗ ಹಿಂದಿನ ಬಲಗಡೆ ಗಾಲಿಗೆ ಗಾಳಿ ಕಡಿಮಿ ಐತಿ ಅನಸತೈತಿ, ನೋಡಿಯೇನು? ಆ ಗಾಲಿ ನಾ ನಿನಗ..."

ಮಾಬುಸಾಬ ಚಾವಿಯನ್ನು ಬಾನೆಟ್ಟಿನ ಮೇಲೆ ಇಟ್ಟ. ಗುರವ್ವನ ಮುಂದೆ ಬಾಗಿ, ಅವಳ ಪಾದದ ಹತ್ತಿರದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಟ್ಟೆಯ ಮೇಲಿದ್ದ ತನ್ನ ಟಾವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡ.

"...ಹೋದ ವಾರನ ಹೇಳಿದ್ನಿ, ಗದಗದಾಗ ಹೊಸಾ ಟ್ಯೂಬು ಹಾಕಿಸೂಣು ಅಂತ. ಹಂಗ ಬರೂ ಮುಂದ ಅವ್ವಗ..."

ಮಾತು ಇನ್ನೂ ನಡೆದಿತ್ತು. ಒಳಗೆ ತಿರುಗುತ್ತಿದ್ದ ಜೀಪಿಗೆ ದಾರಿ ಬಿಟ್ಟು, ಮಾಬುಸಾಬ ದೊಡ್ಡ ಬಾಗಿಲು ದಾಟಿ ಓಣಿಗೆ ಇಳಿದ.